ಕೆಂಪು ಕೋಟಿನವಳು

ಗುರುವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅತ್ತೆಗೆ,

ನಿಮ್ಮ ಮರಿ ಮಾಡುವ ನಮಸ್ಕಾರ.

'ಅತ್ತೆ' ಎಂದು ಬರೆದುಬಿಟ್ಟೆ. ಹಾಗೆ ಬರೆಯಬಹುದೋ ಬಾರದೋ ತಿಳಿಯಲಿಲ್ಲ. ಕೋರ್ಟಿನಲ್ಲಿ ನಿಮ್ಮ ಮಗ ಮತ್ತು ನಾನು ತೋರಿಸಿದಲ್ಲೆಲ್ಲ ಸಹಿ ಹಾಕಿದೆವು. ಗಂಡನನ್ನು ಬಿಟ್ಟೆ ಎಂದು ಸಹಿ ಹಾಕಿದ್ದು ನೆನಪಿದೆ. ಅತ್ತೆಯನ್ನು ಬಿಟ್ಟೆ ಎನ್ನುವ ಕಾಗದವನ್ನು ಯಾರೂ ನನ್ನ ಮುಂದೆ ಇಡಲಿಲ್ಲ. ಅದಕ್ಕೇ ಹಾಗೇ ಬರೆದಿದ್ದೇನೆ. ತಪ್ಪಾದರೆ ಕ್ಷಮಿಸಿ.

ಈ ಪತ್ರದ ಜೊತೆ ಒಂದು ದೊಡ್ಡ ಪಾರ್ಸೆಲ್ ಬಂದಿರುತ್ತದೆ. ಅದರಲ್ಲಿ ನಮ್ಮ ಹುಡುಗಿಯರ, ನಿಮ್ಮ ಕಪಾಟಿನ ಗೊಂಬೆಗಳ, ಬಟ್ಟೆಗಳಿವೆ. ನನ್ನ ಹತ್ತಿರ ಉಳಿದಿದ್ದ ಎಲ್ಲವೂ. ಒಂದನ್ನೂ ಇಟ್ಟುಕೊಂಡಿಲ್ಲ.

ಎಲ್ಲ ಒಟ್ಟಿಗೆ ಕಳಿಸಿದ್ದೇನೆ ಎಂದ ಕೂಡಲೇ ನಿಮಗೆ ಅರ್ಥವಾಗಿರುತ್ತದೆ. ಆದರೂ ಬಿಡಿಸಿ ಬರೆಯುತ್ತೇನೆ.

ನಾನು ಮನೆ ಬಿಟ್ಟ ದಿನ ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ನಿಮ್ಮ ಮಗ ಮೆಟ್ಟಿಲಲ್ಲಿ ನಿಂತು ಗೋಡೆ ನೋಡುತ್ತಿದ್ದರು. ನೀವು ಒಳಗಿನಿಂದ ಆ ತಗಡಿನ ಟ್ರಂಕನ್ನು ಎಳೆದುಕೊಂಡು ಬಂದಿರಿ. ಗೊಂಬೆಗಳ ಬಟ್ಟೆಗಳನ್ನೆಲ್ಲ ಬಿಚ್ಚಿ ಅದರಲ್ಲಿ ತುಂಬಿದ್ದಿರಿ. ಕಪಾಟಿನೊಳಗೆ ಅಷ್ಟೂ ಹುಡುಗಿಯರು ಬಿಳಿ ಕಾಗದ ಸುತ್ತಿಕೊಂಡು, ಸ್ನಾನ ಮುಗಿಸಿ ನಿಂತವರ ಹಾಗೆ ನಿಂತಿದ್ದರು. "ಇವೆಲ್ಲ ಕೊಳೆಯಾಗಿವೆ. ಒಗೆದು ಇಸ್ತ್ರಿ ಮಾಡಿ ತಂದ್ಕೊಡು," ಎಂದಿರಿ. ನಿಮ್ಮ ಮಗ, "ಅಮ್ಮಾ, ಈಗ ಇದೆಲ್ಲ ಬೇಕಾ?" ಎಂದರು. "ನಿಂಗೇನು ಗೊತ್ತು ಬಟ್ಟೆ ವಿಷ್ಯ? ನೀನು ನಿನ್ನ ಲಿಫ್ಟ್ ರಿಪೇರಿ ಕೆಲ್ಸ ನೋಡ್ಕೋ ಹೋಗು," ಎಂದು ಅವರ ಬಾಯಿ ಮುಚ್ಚಿಸಿದಿರಿ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಅವಸರ ಏನಿಲ್ಲ ಕಣೇ. ಒಂದ್ಸಲಕ್ಕೆ ಒಂದೇ ತಾ. ಒಟ್ಟಿಗೆ ತಂದ್ರೆ ಮುದುರಿಹೋಗುತ್ತೆ," ಎಂದಿರಿ.

ಟೆಂಪೋದಲ್ಲಿ ಕೂತು ಟ್ರಂಕ್ ತೆರೆದು ನೋಡಿದೆ. ಒಂದು ಬಟ್ಟೆಯೂ ಕೊಳೆಯಾಗಿರಲಿಲ್ಲ. ಆಗ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಹಾಗೆ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ, ಗಡಿಯಾರ ಮಾರುವವನ ಪಕ್ಕದ ಕಲ್ಲುಬೆಂಚಿನ ಮೇಲೆ, ವಾರಕ್ಕೊಂದು ಬಟ್ಟೆ ನಿಮ್ಮ ಕೈಗೆ ಕೊಡುತ್ತಾ ಬಂದೆ. ಒಂದು ವಾರ ಟೋಪಿ, ಒಂದು ವಾರ ಬರೀ ಕೈಗವಸು. ನೀವು ಕೈಗವಸನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು, "ಈ ಲೆಕ್ಕದಲ್ಲಿ ನೀನು ಮುದುಕಿಯಾದ್ರೂ ಟ್ರಂಕು ಖಾಲಿಯಾಗಲ್ಲ," ಎಂದು ನಗುತ್ತಿದ್ದಿರಿ. ಅದೇ ನಮ್ಮಿಬ್ಬರ ಆಸೆಯೂ ಆಗಿತ್ತು.

ನಾನು ಮದುವೆಯಾಗಿ ಬಂದಾಗ ಆ ಕಪಾಟು ಕಂಡರೆ ನನಗೆ ಹೆದರಿಕೆ. ಗೇಣಿಗಿಂತ ಸ್ವಲ್ಪ ಎತ್ತರದ ಅಷ್ಟು ಹೆಂಗಸರು, ಎಲ್ಲರದ್ದೂ ಓರೆನೋಟ, ಎಲ್ಲರ ತುಟಿಗೂ ಬಣ್ಣ. ಅಜ್ಜಿಯರ ಕಾಲದ ದೊರೆಸಾನಿಯರ ಸೊಂಟ ಬಿಗಿದ ಲಂಗ, ಮುಸುಕಿನ ಟೋಪಿ, ತೋಳಿನ ಮೇಲೆ ಚಿಕ್ಕ ಚೀಲ. ಇವು ಹಳೆಯ ಗೊಂಬೆಗಳೇ ಎಂದು ಕೇಳಿದ್ದಕ್ಕೆ ನೀವು, "ಅಲ್ಲ ಮರೀ, ಹಳೇದರ ಹಾಗೆ ಹೊಸದಾಗಿ ಮಾಡಿರೋದು. ನಿಜವಾದ ಹಳೇದು ನನ್ನ ಹಾಗೇ, ಕೈಕಾಲು ಕೀಲೆಲ್ಲ ಸಡಿಲ," ಎಂದಿರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬಾಯಿ ತೆರೆದರೆ ಎಲ್ಲಿ ತಪ್ಪು ಮಾತಾಡುತ್ತೇನೋ ಎಂದು ಮೂಲೆ ಹಿಡಿದಿದ್ದವಳು ನಾನು. ಆ ದಿನ ಆ ಮನೆಯಲ್ಲಿ ಮೊದಲ ಸಲ ನಕ್ಕೆ.

ಎಲ್ಲ ಕಲಿಸಿದ್ದು ನೀವೇ. ಸೊಂಟ ಹಿಡಿಯಬೇಕು, ಕೂದಲು ಮುಟ್ಟಬಾರದು. ಬಿಸಿಲು ತಾಗಿಸಬಾರದು. ಕಿವಿಯ ಓಲೆ ತೆಗೆದಿಡಬೇಕು, ಇಲ್ಲದಿದ್ದರೆ ಅದರ ಕಿಲುಬು ಕೆನ್ನೆಯವರೆಗೆ ಹಸಿರಾಗಿ ಇಳಿಯುತ್ತದೆ. ಹೊಸ ಗೊಂಬೆ ಕೊಂಡರೆ ಪೆಟ್ಟಿಗೆ ಒಡೆಯದೆ ಹಾಗೇ ಇಡುವವರೂ ಇದ್ದಾರೆ ಎಂದು ನೀವೇ ಹೇಳಿ, ನೀವೇ ಬೈದಿರಿ. "ಹೊರಡೋಕೆ ತಯಾರಾಗಿ ನಿಂತಿರೋಳನ್ನ ಕೂಡಿಹಾಕ್ತಾರಲ್ಲ, ಪಾಪಿಗಳು!"

ಒಂದು ಮಧ್ಯಾಹ್ನ ನಾನು ಧೈರ್ಯ ಮಾಡಿ ಕೇಳಿದೆ. ಗೊಂಬೆಯೇ ಬೇಕಿದ್ದರೆ ಮಗುವಿನ ಗೊಂಬೆ ಯಾಕೆ ತರಲಿಲ್ಲ ಎಂದು. ನೀವು ಟೀ ಲೋಟ ಕೆಳಗಿಟ್ಟಿರಿ. "ಮಗು ಗೊಂಬೆ ಇಟ್ಕೊಂಡ್ರೆ ಅದಕ್ಕೂ ನಾವೇ ಹಾಲು ಕುಡಿಸ್ಬೇಕು, ತಟ್ಟಿ ಮಲಗಿಸ್ಬೇಕು. ನಿನ್ನ ಗಂಡನ್ನ ಸಾಕಿದ್ದೇ ಸಾಕಾಗಿದೆ ನಂಗೆ. ಇವಳನ್ನ ನೋಡು. ಇವಳಿಗೆ ಯಾರೂ ಬೇಡ. ಹೊರಟು ನಿಂತಿದ್ದಾಳೆ. ಎಲ್ಲಿಗೆ ಅಂತ ಕೇಳೋ ಧೈರ್ಯ ಯಾರಿಗಿದೆ?"

ನಿಮ್ಮನ್ನು ಕೇಳುವವರು ಮಾತ್ರ ಯಾವಾಗಲೂ ಇದ್ದರು. ಮೊದಲು ನಿಮ್ಮ ಅಪ್ಪ, ಆಮೇಲೆ ಮಾವ, ಈಗ ಮಗ.

ಆ ದಿನವೇ ಕೆಂಪು ಕೋಟಿನ ವಿಷಯ ಹೇಳಿದ್ದು. ಹುಡುಗಿಯಾಗಿದ್ದಾಗ ನೀವು ಹೆಂಗಸರ ಕೋಟು ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕಿದ್ದಿರಿ. ಯಾರೋ ಮಾಡಿಸಿದ ಕಡುಗೆಂಪು ಕೋಟು. ಮಾಡಿಸಿದವಳ ಮೈಕಟ್ಟೂ ನಿಮ್ಮ ಮೈಕಟ್ಟೂ ಒಂದೇ ಎಂದು ಯಜಮಾನ ನಿಮಗೆ ತೊಡಿಸಿ, ಬೆನ್ನಿನ ಮೇಲೆ ಬಟ್ಟೆ ಸರಿಯಾಗಿ ಇಳಿದಿದೆಯೇ ಎಂದು ನೋಡಿದ. ಕನ್ನಡಿಯಲ್ಲಿ ನೋಡಿದರೆ ಅಲ್ಲಿ ನೀವಿರಲಿಲ್ಲ, ಯಾರೋ ಎಲ್ಲಿಗೋ ಹೊರಟವಳು ಇದ್ದಳು. "ಸಾಕು, ಬಿಚ್ಚು," ಎಂದನಂತೆ ಯಜಮಾನ. ಮುಂದೆ ಎಷ್ಟೋ ಕಾಲದ ಮೇಲೆ ಒಂದು ಅಂಗಡಿಯ ಗಾಜಿನ ಹಿಂದೆ ಅದೇ ಕೋಟು ತೊಟ್ಟ ಗೊಂಬೆಯ ಚಿತ್ರ ನೋಡಿದಿರಿ. ಅದೇ ಅಗಲ ಕಾಲರು, ಅದೇ ಎರಡು ಸಾಲು ಗುಂಡಿ. ಕಂದು ಕೋಟಿನಲ್ಲಿ ಬೇಕಾದಷ್ಟು ಮಾಡಿದ್ದರು, ಕಡುಗೆಂಪಿನಲ್ಲಿ ಕೆಲವೇ ಕೆಲವು. ಕಪಾಟಿನ ಉಳಿದವರೆಲ್ಲ ಬಂದದ್ದು ಆ ಒಬ್ಬಳನ್ನು ಹುಡುಕುತ್ತಾ ಹೋದ ದಾರಿಯಲ್ಲಿ.

ಆಮೇಲೆ ಪ್ರತಿ ಭಾನುವಾರ ಇಬ್ಬರೂ ಅವಳನ್ನು ಹುಡುಕುತ್ತಾ ಸಂತೆಗೆ ಹೋಗತೊಡಗಿದೆವು. ನಾನೇ ಹೊಲಿದುಕೊಡುತ್ತೇನೆ ಎಂದರೆ ನೀವು ಒಪ್ಪಲಿಲ್ಲ. "ಹೊಲಿದ್ರೆ ಹುಡುಕೋದು ಮುಗಿದುಹೋಗುತ್ತಲ್ಲೇ. ಆಮೇಲೆ ಭಾನುವಾರ ಏನ್ ಮಾಡೋಣ?"

ನಿಮ್ಮ ಮಗನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರು ನನ್ನ ಮೇಲೆ ಕೈ ಎತ್ತಲಿಲ್ಲ, ಜಗಳವನ್ನೂ ಆಡಲಿಲ್ಲ. ಊಟಕ್ಕೆ ಕೂತಾಗ ನನ್ನ ಮುಖ ನೋಡುವುದನ್ನು ನಿಲ್ಲಿಸಿದರು, ಅಷ್ಟೇ. ಜಗಳವಾಡಿದ್ದು ನೀವು. "ಇವಳು ಹೋದ್ರೆ ನನಗೆ ಮಾತಿಗೆ ಯಾರು? ಲಿಫ್ಟಾ?" ಎಂದು ಕೇಳಿದ್ದು ಪಕ್ಕದ ಮನೆಗೂ ಕೇಳಿಸಿತ್ತು.

ನಾನು ಸಂತೆಗೆ ಬರುವುದನ್ನು ಯಾಕೆ ನಿಲ್ಲಿಸಿದೆ ಎಂದು ನಿಮಗೆ ತಿಳಿಯಬೇಕು. ಕೆಲಸ ಹೆಚ್ಚಾಯಿತು ಎಂದು ಹೇಳಿಕಳಿಸಿದ್ದೆ. ಅದು ನಿಜವಲ್ಲ. ನಿಮ್ಮ ಮಗ ನಮ್ಮ ಹೊಲಿಗೆ ಅಂಗಡಿಗೆ ಬಂದಿದ್ದರು. ಇಸ್ತ್ರಿ ಮೇಜಿನ ಪಕ್ಕ ನಿಂತು ಸೀಮೆಸುಣ್ಣದ ಚೂರನ್ನು ಪುಡಿ ಮಾಡುತ್ತಾ, "ಅಮ್ಮನ್ನ ನೋಡ್ಬೇಡ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಆದ್ರೆ ಮನೆಗೆ ಹೊಸ ಹೆಂಡ್ತಿ ಬರ್ತಿದ್ದಾಳೆ. ಪ್ರತಿ ಭಾನುವಾರ ಅತ್ತೆ ಹಳೇ ಸೊಸೇನ ನೋಡಕ್ಕೆ ಹೊರಟ್ರೆ ಅವಳಿಗೆ ಹೇಗನ್ಸುತ್ತೆ? ನೀನೇ ಹೇಳು," ಎಂದರು. ನಮ್ಮ ಅಂಗಡಿಯ ಯಜಮಾನಮ್ಮ ಮಿಷನ್ ನಿಲ್ಲಿಸದೆಯೇ, "ಬಟ್ಟೆ ಕೊಡಕ್ಕೆ ಬಂದ್ರಾ, ಬುದ್ಧಿ ಹೇಳಕ್ಕೆ ಬಂದ್ರಾ?" ಎಂದರು. ನಿಮ್ಮ ಮಗ ತಲೆ ತಗ್ಗಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನು ಬಂದಾಗ ಆ ಮನೆಯಲ್ಲಿ ನನಗೊಂದು ಜಾಗ ಮಾಡಿಕೊಟ್ಟವರು ನೀವು. ಬರುವವಳಿಗೂ ಯಾರಾದರೂ ಮಾಡಿಕೊಡಬೇಕಲ್ಲ. "ಆಯ್ತು, ಬರಲ್ಲ," ಎಂದೆ. ಅವರು ಹೋದ ಮೇಲೆ ಒಂದು ಪ್ಯಾಂಟಿನ ಎರಡೂ ಕಾಲುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟೆ.

ಆಮೇಲೆ ಎಷ್ಟೋ ಭಾನುವಾರ ನೀವು ಆ ಬೆಂಚಿನ ಮೇಲೆ ಕೂತು ಕಾದಿರಿ ಎಂದು ಗಡಿಯಾರದವನು ದಾರಿಯಲ್ಲಿ ಸಿಕ್ಕಿ ಹೇಳಿದ.

ಕಳೆದ ಭಾನುವಾರ ತಡೆಯಲಾಗಲಿಲ್ಲ. ಮಾತು ಮುರಿಯುವುದಕ್ಕಲ್ಲ, ಬರೀ ನೋಡಿ ಬರೋಣ ಎಂದು ಬಂದೆ. ನಾನು ದೂರದಲ್ಲಿದ್ದೆ, ಹಳೆಯ ಕುರ್ಚಿಗಳನ್ನು ಪೇರಿಸಿದ್ದರಲ್ಲ, ಅದರ ಹಿಂದೆ. ಜನವೂ ಬಹಳ ಇದ್ದರು. ನೀವು ನನ್ನನ್ನು ನೋಡುವ ಹಾಗೇ ಇರಲಿಲ್ಲ. ಬೆಂಚಿನಲ್ಲಿ ನೀವಿಲ್ಲ ಎಂದು ಮೊದಲು ಗಾಬರಿಯಾಯಿತು. ಅಷ್ಟರಲ್ಲಿ ನಿಮ್ಮ ದನಿ ಕೇಳಿತು.

"ಮರೀ, ಸೊಂಟ ಹಿಡ್ಕೋ, ಕೂದಲು ಮುಟ್ಬೇಡ!"

ನಾನು ನಗುತ್ತಾ ತಿರುಗಿದೆ ಅತ್ತೆ. ಅಭ್ಯಾಸ ನೋಡಿ. ಕೈಯೂ ಮುಂದೆ ಬಂದಿತ್ತು. ನೀವು ಕರೆದದ್ದು ನಿಮ್ಮ ಪಕ್ಕದಲ್ಲಿದ್ದ ಹುಡುಗಿಯನ್ನು, ಹೊಸ ಸೊಸೆಯನ್ನು. ಅವಳು ಹೆದರಿ ಕೈ ಬದಲಿಸಿ, "ಹೀಗಾ ಅತ್ತೆ?" ಎಂದಳು. ನೀವು, "ಹ್ಞಾ, ಹಾಗೆ. ಜಾಣೆ," ಎಂದಿರಿ.

ನಿಮ್ಮ ಮಗ ಬೇರೆ ಮದುವೆಯಾಗುತ್ತಾರೆ ಎಂದು ಮೊದಲ ಸಲ ಯಾರಿಂದಲೋ ಕೇಳಿದ ದಿನ ನಾನು ಎಂದಿನ ಹಾಗೆ ಕೆಲಸ ಮುಗಿಸಿ ಕೋಣೆಗೆ ಹೋಗಿ ಪಾತ್ರೆ ತೊಳೆದಿದ್ದೆ. ಆ 'ಜಾಣೆ' ಕೇಳಿದಾಗ ಮಾತ್ರ ಅಲ್ಲಿಂದ ಓಡಿಹೋಗಬೇಕು ಎನ್ನಿಸಿತು. ಹೊಟ್ಟೆಕಿಚ್ಚು ಎಂದರೆ ಎನ್ನಿ. ಗಂಡನನ್ನು ಇನ್ನೊಬ್ಬಳಿಗೆ ಬಿಟ್ಟುಕೊಡುವುದಕ್ಕೆ ನನಗೆ ಬಂತು. ನೀವು ಇನ್ನೊಬ್ಬಳಿಗೆ ಕಲಿಸುವುದನ್ನು ನೋಡುವುದಕ್ಕೆ ಬರಲಿಲ್ಲ.

ಆಗಲೇ ನಿಮಗೆ ಅವಳು ಸಿಕ್ಕಿದ್ದು. ಗೊಂಬೆಗಳ ರಾಶಿಯ ಅಡಿಯಿಂದ ಎತ್ತಿ, ಕಾಲರನ್ನೂ ಎರಡು ಸಾಲು ಗುಂಡಿಯನ್ನೂ ಬೆರಳಲ್ಲಿ ಸವರಿ, ನೀವು ಕೂಗಿದ್ದು ಇಡೀ ಸಂತೆಗೆ ಕೇಳಿತು. "ಸಿಕ್ಕಳಲ್ಲೇ, ನನ್ನ ಕೆಂಪು ಕೋಟಿನವಳು!" ಅಂಗಡಿಯವನೂ, "ಕೆಂಪೇ ದೊಡ್ಡಮ್ಮ, ಅಪ್ಪಟ ಕೆಂಪು," ಎಂದ. ಚೌಕಾಸಿಯನ್ನೇ ಮಾಡದೆ ಕೊಂಡುಬಿಟ್ಟಿರಿ. ನಿಮ್ಮ ಮುಖದಲ್ಲಿ ಅಂಥ ಬೆಳಕನ್ನು ನಾನು ಎಂದೂ ನೋಡಿರಲಿಲ್ಲ. ಇಷ್ಟು ವರ್ಷ ಹುಡುಕಿದ್ದು ನಾವಿಬ್ಬರು. ಸಿಕ್ಕಾಗ ಪಕ್ಕದಲ್ಲಿ ನಾನಿರಲಿಲ್ಲ. ಇರಲಿ. ಸಿಕ್ಕಳಲ್ಲ, ಅದು ದೊಡ್ಡದು.

ಹಾಗಾಗಿ ಇನ್ನು ಒಂದೊಂದೇ ಬಟ್ಟೆ ತರುವ ನೆಪ ಬೇಡ. ಒಟ್ಟಿಗೆ ಕಳಿಸಿದರೂ ಮುದುರಿಲ್ಲ, ಮಡಿಕೆಗಳ ನಡುವೆ ಕಾಗದ ಇಟ್ಟಿದ್ದೇನೆ. ಎಲ್ಲರಿಗೂ ಅವರವರ ಬಟ್ಟೆ ತೊಡಿಸಿ. ಪಾಪ, ಎಷ್ಟು ದಿನ ಕಾಗದ ಸುತ್ತಿಕೊಂಡು ನಿಲ್ಲುತ್ತಾರೆ? ಹುಡುಗಿಗೂ ಕೆಲಸ ಕಲಿತ ಹಾಗಾಗುತ್ತದೆ. ಅವಳು ಒಳ್ಳೆಯವಳ ಹಾಗೆ ಕಂಡಳು. ನಿಧಾನವಾಗಿ ಕಲಿಸಿ, ಗದರಬೇಡಿ. ನನ್ನನ್ನು ಗದರಿದ್ದೇ ಇಲ್ಲ ಎನ್ನುತ್ತೀರಿ. ನೀಲಿ ಟೋಪಿಯನ್ನು ಇಸ್ತ್ರಿಯಲ್ಲಿ ಸುಟ್ಟ ದಿನ ಮರೆತಿರಾ?

ನನ್ನ ಬಗ್ಗೆ ಚಿಂತೆ ಬೇಡ. ಕೋಣೆ ಚಿಕ್ಕದಾದರೂ ಗಾಳಿ ಬರುತ್ತದೆ. ಅಂಗಡಿಯಲ್ಲಿ ಈಗ ಕೋಟಿನ ಕೆಲಸವನ್ನೂ ನನಗೇ ಕೊಡುತ್ತಾರೆ. ಭಾನುವಾರ ಹೇಗೋ ಕಳೆಯುತ್ತದೆ.

ಈ ಪತ್ರವನ್ನು ಎರಡು ಸಲ ತಿದ್ದಿ ಬರೆದಿದ್ದೇನೆ. "ನಿನ್ನ ಒತ್ತಕ್ಷರಗಳು ನಿನ್ನ ಹೆಮ್ಮಿಂಗ್ ಹೊಲಿಗೆ ಥರಾನೇ, ಎಲ್ಲಿವೆ ಅಂತ ಕಾಣ್ಸೋದೇ ಇಲ್ಲ," ಎಂದು ನೀವು ನಕ್ಕಿದ್ದು ನೆನಪಿತ್ತು. ಈ ಸಲ ಎಲ್ಲವನ್ನೂ ಹಾಕಿದ್ದೇನೆ ಎಂದುಕೊಂಡಿದ್ದೇನೆ.

ಆರೋಗ್ಯ ನೋಡಿಕೊಳ್ಳಿ. ಉತ್ತರ ಬರೆಯಬೇಕೆಂದಿಲ್ಲ.

ಇಂತಿ ನಿಮ್ಮವಳೇ ಆದ,
ಮರಿ
(ಆ ಹೆಸರನ್ನು ಈಗ ಇಬ್ಬರು ಹಂಚಿಕೊಂಡರೂ ಪರವಾಗಿಲ್ಲ)

ವಿ. ಸೂ. ಇದನ್ನು ಓದಿ ಹೇಳುತ್ತಿರುವ ತಂಗಿಗೆ: ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಮ್ಮ. ಅತ್ತೆ ಕೇಳಿದರೆ, ಬಟ್ಟೆಗಳನ್ನು ಹೇಗೆ ಒಗೆಯಬೇಕೆಂದು ಬರೆದಿದ್ದಾಳೆ ಎನ್ನು.

ನಾನು ಕುರ್ಚಿಗಳ ಹಿಂದೆ ಇರಲಿಲ್ಲ. ನಿಮ್ಮ ಪಕ್ಕದಲ್ಲೇ, ಅದೇ ರಾಶಿಯ ಮುಂದೆ ನಿಂತಿದ್ದೆ. ನಿನಗೆ ನನ್ನ ಗುರುತಿಲ್ಲ, ನಿನ್ನ ತಪ್ಪಲ್ಲ. ಅತ್ತೆ ಗೊಂಬೆಗೆಂದು ಚಾಚಿದ ಕೈ ನನ್ನ ಕೈಗೆ ತಾಗಿತು. ಅವರು ನನ್ನ ಕಡೆ ಅರ್ಧ ತಿರುಗಿ, "ಅಯ್ಯೋ, ನೋಡ್ಲಿಲ್ಲ. ಬೇಜಾರು ಮಾಡ್ಕೋಬೇಡಿ," ಎಂದರು. ನನ್ನನ್ನು ಅವರು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಬೇಕೆಂದೇ ಹಾಗೆ ಮಾಡಿದರೇನೋ ಎಂದು ಒಂದು ಕ್ಷಣ ಜೀವ ಹೋದ ಹಾಗಾಯಿತು. ಆಮೇಲೆ ಅವರು ಕಂದು ಕೋಟಿನವಳನ್ನು ಎತ್ತಿಕೊಂಡು ಕೆಂಪು ಎಂದು ಕೂಗಿದರು.

ಅವರಿಗೆ ಕಣ್ಣು ಕಾಣುತ್ತಿಲ್ಲ ತಂಗಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬೆಂಚಿನಲ್ಲಿ ಕೂತಾಗಲೂ ಮನೆಯ ಬಲ್ಬು ಸರಿಯಿಲ್ಲ ಎಂದು ಬೈಯುತ್ತಿದ್ದರು, ಬಲ್ಬು ಸರಿಯಿದೆ. ಗೊತ್ತಾದರೆ ಎಲ್ಲಿಗೂ ಕಳಿಸುವುದಿಲ್ಲ ಎಂದು ಅವರಿಗೆ ಭಯ. ಡಾಕ್ಟರ ಹತ್ತಿರ ನೀನೇ ಕರೆದುಕೊಂಡು ಹೋಗು. ನಾನು ಹೇಳಿದೆ ಎನ್ನಬೇಡ. ನಿನಗೇ ಕಣ್ಣು ಉರಿಯುತ್ತಿದೆ, ಜೊತೆಗೆ ಬನ್ನಿ ಎಂದರೆ ಬರುತ್ತಾರೆ.

ಪಾರ್ಸೆಲ್ಲಿನ ತಳದಲ್ಲಿ ಬಿಳಿ ಕಾಗದದ ಪೊಟ್ಟಣವೊಂದಿದೆ. ಅದು ಕಡುಗೆಂಪು ಕೋಟು. ಅದೇ ಕಾಲರು, ಅದೇ ಗುಂಡಿ ಸಾಲು, ಮುಟ್ಟಿದರೂ ವ್ಯತ್ಯಾಸ ತಿಳಿಯದ ಬಟ್ಟೆ. ಈ ವಾರ ಹೊಲಿದದ್ದು. ಅವರು ಮಲಗಿದಾಗ ಕಂದು ಕೋಟು ಬಿಚ್ಚಿ ಇದನ್ನು ತೊಡಿಸು. ಡಾಕ್ಟರು ಕಣ್ಣು ಸರಿಮಾಡಿದರೆ ಅವರು ಮೊದಲು ನೋಡುವುದು ಅವಳನ್ನೇ.

ಆ ದಿನ ನೀನು ಬಾಯಿ ತೆರೆದು, ಅವರ ಮುಖ ನೋಡಿ, ಮುಚ್ಚಿಕೊಂಡೆ. "ಹೌದು ಅತ್ತೆ, ಎಷ್ಟು ಚೆನ್ನಾಗಿದೆ ಕೆಂಪು," ಎಂದೆ. ಅದನ್ನು ಕೇಳಿದ ಮೇಲೆಯೇ ಈ ಟ್ರಂಕನ್ನು ಖಾಲಿ ಮಾಡುವ ಧೈರ್ಯ ನನಗೆ ಬಂದದ್ದು.

ರಸ್ತೆ ದಾಟುವಾಗ ನೀನು ಅವರ ಎಡಗೈ ಹಿಡಿದಿದ್ದೆ. ಆ ಕಡೆ ಅವರಿಗೆ ಇನ್ನೂ ಸ್ವಲ್ಪ ಕಾಣುತ್ತದೆ. ನೀನು ಬಲಗಡೆ ನಿಲ್ಲು. ಸಂತೆಯಲ್ಲಿ ನಾನು ನಿಂತದ್ದು ಆ ಬಲಗಡೆ.